ಗಣಪತಿಯ ತಲೆಹಿಂದಿನ ಮೋಟಾರು

ಕೋಳಿಪುಕ್ಕ ತೋರಿಸಿ ನೊಣವೆಂದು ಮೀನನ್ನು ನಂಬಿಸುವ ವಿದ್ಯೆ ಗೋಕಾಕದಲ್ಲಿ ಒಬ್ಬನಿಗೇ ಗೊತ್ತಿತ್ತು. ಅವನು ನಮ್ಮ ಓಣಿಯ ದರ್ಜಿ ಚಾಚಾ. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟ ಬಿಳಿಯ ಸಾಹೇಬನೊಬ್ಬ ಅವನಿಗೆ ಒಂದು ಡಬ್ಬಿ ತುಂಬ ಗಾಳ ಕೊಟ್ಟು, ಅವಕ್ಕೆ ಪುಕ್ಕ, ರೇಷ್ಮೆ ದಾರ ಸುತ್ತಿ ಸುಳ್ಳು ನೊಣ ಕಟ್ಟುವುದನ್ನು ಕಲಿಸಿ ಹೋಗಿದ್ದ. ನಾನು ಲಿಂಗಾಯತರ ಮನೆಯ ಸಾಲಿ ಮಾಸ್ತರ. ಮೀನಿನ ವಾಸನೆ ಹೊತ್ತು ಮನೆಗೆ ಹೋದರೆ ಅವ್ವ ಒಳಗೆ ಬಿಡುತ್ತಿರಲಿಲ್ಲ. ಆದರೂ ರಜೆಯ ದಿನ ಘಟಪ್ರಭೆಯ ದಂಡೆಯಲ್ಲಿ ಚಾಚಾನ ಬಾಜೂ ಕೂತು, ಮೀನುಗಳು ಮೋಸ ಹೋಗುವುದನ್ನು ನೋಡುವ ಚಟ ನನಗೆ ಅಂಟಿತ್ತು.

ಅರವತ್ತರ ದಶಕದ ಶುರುವಿಗೆ ಚಾಚಾನ ಬಲಗೈಗೆ ನಡುಕ ಹತ್ತಿತು. ಹೊಲಿಗೆ ಮಶಿನ್ನು ಮಗನ ಪಾಲಾಯಿತು. ಚಾಚಾನದೆಂದು ಉಳಿದದ್ದು ಈ ನೊಣಗಳಷ್ಟೇ. ಎಡಗೈ, ಹಲ್ಲು ಎರಡನ್ನೂ ದುಡಿಸಿ ಹೇಗೋ ಕಟ್ಟುತ್ತಿದ್ದ. ಪೇಚಾಟ ಶುರುವಾಗುತ್ತಿದ್ದದ್ದು ಕೊನೆಗೆ. ಗಂಟಿಗೆ ಹಚ್ಚಿದ ವಾರ್ನಿಸು ಆರುವ ತನಕ ಗಾಳವನ್ನು ಸಾವಕಾಶ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ಅದು ಒಂದೇ ಕಡೆ ಇಳಿದು ಬೊಬ್ಬೆಯಾಗುತ್ತದೆ. ನಡುಗುವ ಕೈಯಲ್ಲಿ ಪುಕ್ಕವೆಲ್ಲ ಮೆತ್ತಿಕೊಂಡು ನೊಣ ಹೋಗಿ ಹೆಸರಿಲ್ಲದ ಹುಳ ಆಗುತ್ತಿತ್ತು. ನಾನು ತಿರುಗಿಸುತ್ತೇನೆಂದರೆ ಸಿಟ್ಟಾಗುತ್ತಿದ್ದ. ಇನ್ನೊಬ್ಬರ ಕೈ ಹತ್ತಿದರೆ ಅದು ತನ್ನ ನೊಣವಲ್ಲವಂತೆ.

ಹಾಗಾದರೆ ತಾನೇ ತಿರುಗುವ ಗಾಲಿ ಬೇಕು. ಗಾಲಿಯನ್ನು ನಾನೇ ಹಲಗೆಯಿಂದ ಕೊರೆದೆ. ಆದರೆ ನಿಧಾನ ತಿರುಗುವ ಮೋಟಾರು ಎಲ್ಲಿಯದು? ಮೂಡಲಗಿಯ ನನ್ನ ಸೋದರಮಾವನ ಗ್ರಾಮೊಫೋನಿನ ಮೇಲೆ ಗಾಲಿ ಕೂಡಿಸಿ ಕೀಲಿ ಬಿಟ್ಟೆ. ಅದರ ಓಟದ ರಭಸಕ್ಕೆ ಅಂಚಿಗೆ ಸಿಕ್ಕಿಸಿದ್ದ ನೊಣವೊಂದು ಹಾರಿಹೋಗಿ ಮಾವನ ರುಮಾಲಿಗೆ ಚುಚ್ಚಿಕೊಂಡಿತು. ಗೊತ್ತಾಗದೆ ಮಾವ ಅದನ್ನೇ ಧರಿಸಿ ಪಂಚಾಯತಿಗೆ ಹೋಗಿ ನ್ಯಾಯ ಹೇಳಿ ಬಂದರು. ಸಾಲಿಯ ಗಡಿಯಾರದ ಮುಳ್ಳನ್ನು ನಂಬೋಣವೆಂದರೆ, ನಮ್ಮ ಗಡಿಯಾರ ಹೆಡ್ ಮಾಸ್ತರರಿಗಿಂತ ಸೋಮಾರಿ.

ಆ ವರ್ಷ ಹುಕ್ಕೇರಿಯ ಗಣಪತಿ ನೋಡಲು ಹೋದೆ. ಮೂರ್ತಿಯ ತಲೆಯ ಹಿಂದೆ ಬಣ್ಣದ ಚಕ್ರ ಹೊಟ್ಟೆ ತುಂಬ ಉಂಡವರಂತೆ ನಿಧಾನ ತಿರುಗುತ್ತಿತ್ತು. ನಾನು ಕೈಮುಗಿದದ್ದು ಆ ಚಕ್ರಕ್ಕೆ. ಫಿಟರನೊಬ್ಬ ಮೋಟಾರಿಗೆ ಹಲ್ಲಿನ ಗಾಲಿಗಳನ್ನು ಕೂಡಿಸಿ ಓಟ ತಗ್ಗಿಸಿದ್ದನಂತೆ. ಮಂಡಳಿಯ ಹಿರಿಯರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ ಕೇಳಿದೆ.

"ದೇವರ ತಲಿ ಹಿಂದಿನ ಸಾಮಾನು ಮೀನಾ ಹಿಡಿಯಾಕ ಬೇಕೇನ್ರಿ, ಮಾಸ್ತರ?" ಎಂದರು ಹಿರಿಯರು.

ಮೀನಿನ ಅವತಾರ ಎತ್ತಿದವನು ಬೇರೆ ದೇವರು, ನಿಮ್ಮವನಿಗೆ ಇಲಿಯ ಚಿಂತೆಯಷ್ಟೇ ಎಂದೆ. ಅವರಿಗೆ ನಗೆ ತಡೆಯಲಾಗಲಿಲ್ಲ. ದೇವರು ಕೂತಿರುವಾಗ ಕೀಳಬಾರದು, ನೀರಿಗೆ ಬಿಡುವ ಮುಂಚೆ ಬಿಚ್ಚಿ ಕೊಡುತ್ತೇವೆ ಎಂದು ಒಪ್ಪಿದರು.

ಕೊಟ್ಟರು ನೋಡಿ! ವಿಸರ್ಜನೆಯ ದಿನ ಹಲಗಿ ಬಡಿತ, ಗುಲಾಲು, ಕುಣಿತದ ಭರದಲ್ಲಿ ಹುಡುಗರು ಗಣಪತಿಯನ್ನು ಚಕ್ರ, ಮೋಟಾರಿನ ಸಮೇತ ಎತ್ತಿ ಬಾವಿಗೆ ಇಳಿಸಿಬಿಟ್ಟರು. ಹಿರಿಯರು ನನ್ನ ಮುಖ ನೋಡಿದರು. ದೇವರೀಗ ಕೈಲಾಸದಲ್ಲಿದ್ದಾನೆ, ಮೋಟಾರನ್ನೂ ಒಯ್ದಿದ್ದಾನೋ ನೋಡೋಣ ಎಂದು ಕೊಡ ತೆಗೆಯುವ ಪಾತಾಳಗರಡಿ ತರಿಸಿ ಬಾವಿಗೆ ಬಿಟ್ಟೆ. ಮುದುಕಿಯರು ಬೈದರು. ಮೊದಲು ಬಂದದ್ದು ಯಾರದೋ ತಂಬಿಗೆ, ಆಮೇಲೆ ಹಲ್ಲಿನ ಗಾಲಿಗಳ ಸಮೇತ ಮೋಟಾರು.

ಬಿಸಿಲಿಗಿಟ್ಟು ಚಾಚಾನ ಮನೆಯಲ್ಲಿ ಕರೆಂಟು ಕೊಟ್ಟೆವು. ಕುಂಯ್ ಎಂದಿತು, ಹೊಗೆ ಬಿಟ್ಟಿತು, ಸತ್ತಿತು. ನನಗೆ ಅಳುವೇ ಬಂತು. ಊರೂರು ಅಲೆದು ಹೊತ್ತು ತಂದದ್ದು ಒಂದು ಕಬ್ಬಿಣದ ಹೆಣ.

ಚಾಚಾ ಮೋಟಾರು ಕಳಚಿಟ್ಟು, ಹಲ್ಲಿನ ಗಾಲಿಗಳಿಗೆ ಎಣ್ಣೆ ಬಿಟ್ಟು, ಮೋಟಾರಿದ್ದ ಕಡೆ ಮಗನ ಹಳೆಯ ಮಶಿನ್ನಿನ ಹಿಡಿಕೆ ಕೂಡಿಸಿದ. ಇನ್ನೊಂದು ಕಡೆ ನನ್ನ ಗಾಲಿ, ಅದರ ಅಂಚಿಗೆ ವಾರ್ನಿಸು ಹಚ್ಚಿದ ನೊಣ. ಬೇಕೆಂದೇ ಬಲಗೈಯಿಂದ ಹಿಡಿಕೆ ಹಿಡಿದ. ಕೈ ಗಡಗಡ ನಡುಗುತ್ತ ಹಿಡಿಕೆಯನ್ನು ಹತ್ತಾರು ಸಲ ಸುತ್ತಿದರೆ, ಆ ಕಡೆ ಗಾಲಿ ಒಂದೇ ಸುತ್ತು, ಅಲುಗದೆ ತಿರುಗಿತು.

ಚಾಚಾ ಗಾಲಿಯ ಕಡೆ ಗದ್ದ ಎತ್ತಿ ತೋರಿಸಿದ.

"ಮಾಸ್ತರ, ಅಲ್ಲಿಗೆ ಹೋಗೂದ್ರಾಗ ನಡುಕ ಸತ್ತ ಹೋಗೇತಿ ನೋಡ್ರಿ," ಎಂದ.

ವಾರ್ನಿಸು ಆರುವ ತನಕ ಆ ಕೈ ತೆಗೆಯಲಿಲ್ಲ.