ತಾಂಬೂಲದ ಕವರು

ಹೋದ ತಿಂಗಳು ಪುಣೆಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ವಿಮಾನದಲ್ಲಿ ಕುಳಿತು ಬೆಲ್ಟು ಬಿಗಿದುಕೊಂಡ ಮೇಲೆ ಎದುರಿನ ಸೀಟಿನ ಜೇಬಿಗೆ ಸುಮ್ಮನೆ ಕೈ ಹಾಕಿದರೆ ಬಿಳಿಯ ದಪ್ಪ ಕಾಗದದ ಕವರೊಂದು ಸಿಕ್ಕಿತು. ಹೊಟ್ಟೆ ತೊಳಸಿದವರಿಗೆಂದು ಇಟ್ಟಿರುತ್ತಾರಲ್ಲ, ಅದೇ. ನನಗೆ ಮಾತ್ರ ವೀಳ್ಯದೆಲೆ, ಬಾಳೆಹಣ್ಣು, ಅರಿಸಿನದ ವಾಸನೆ ಒಟ್ಟಿಗೆ ಬಂದಂತಾಗಿ ಕಿಸಕ್ಕನೆ ನಕ್ಕುಬಿಟ್ಟೆ. ಪಕ್ಕದವರು ಮೆಲ್ಲನೆ ಆಚೆ ಸರಿದು ಕೂತರು. ವಾಂತಿ ಕವರು ಹಿಡಿದುಕೊಂಡು ನಗುವ ಮುದುಕಿಯ ಪಕ್ಕ ಕೂರುವುದು ಯಾರಿಗೆ ತಾನೆ ಇಷ್ಟ? ಅವರ ತಪ್ಪೇನಿಲ್ಲ.

ನೆನಪಾದದ್ದು ನಮ್ಮ ಎದುರು ಮನೆ ಅಕ್ಕ.

ಆಗ ನಾವಿದ್ದದ್ದು ದೇವನಹಳ್ಳಿ ಕೋಟೆಯೊಳಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳು, ನಾನಿನ್ನೂ ಮಿಡ್ಲ್ ಸ್ಕೂಲಿನ ಹುಡುಗಿ. ಈಗ ನಮ್ಮೂರ ನೆತ್ತಿಯ ಮೇಲೆ ದಿನಾ ನೂರೆಂಟು ವಿಮಾನ ಹಾರುತ್ತವೆ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಆಗ ಒಂದು ಸದ್ದು ಕೇಳಿದರೆ ಸಾಕು, ಒಲೆಯ ಮೇಲಿನ ಹಾಲನ್ನೂ ಮರೆತು ಅಂಗಳಕ್ಕೆ ಓಡುತ್ತಿದ್ದೆವು. ಅಂಥ ಊರಿನ ಬೇಸಾಯಗಾರರ ಮನೆಯಿಂದ ಒಬ್ಬಳು ಹುಡುಗಿ ಬೆಂಗಳೂರಿನಲ್ಲಿ ಬಿ.ಎ. ಓದಿ, ಅರ್ಜಿ ಹಾಕಿ, ವಿಮಾನದ ಕೆಲಸಕ್ಕೆ ಸೇರಿಬಿಟ್ಟಳು! ಗಗನಸಖಿ ಎಂಬ ಚಂದದ ಮಾತು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಕೋಟೆಯ ಬೀದಿಗೆಲ್ಲ ಅವಳು ಏರೋಪ್ಲೇನ್ ಅಕ್ಕ. ಅಲ್ಲಿ ಅವಳಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ ಅವರಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು, 'ಆಫೀಸರ್' ಎನ್ನುತ್ತಿದ್ದರು. ಮುಂದಿನ ಪ್ರಶ್ನೆಗೆ ಅವರು ನಿಲ್ಲುತ್ತಿರಲಿಲ್ಲ.

ಅವಳಿದ್ದದ್ದು ಮದರಾಸಿನಲ್ಲಿ. ತಿಂಗಳಿಗೋ ಎರಡು ತಿಂಗಳಿಗೋ ರಜೆಯ ಮೇಲೆ ಬಂದವಳು ಮೊದಲು ಬಿಸಿನೀರಿಗೆ ಉಪ್ಪು ಹಾಕಿಸಿಕೊಂಡು ಹಿತ್ತಿಲಲ್ಲಿ ಕಾಲಿಳಿಬಿಟ್ಟು ಕೂರುತ್ತಿದ್ದಳು. ಪಾದಗಳು ಬಾತು ಬನ್ನಿನಂತಾಗಿರುತ್ತಿದ್ದವು. ನಾನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಕಥೆ ಕೇಳುತ್ತಿದ್ದೆ. ವಿಮಾನ ಏರುವಾಗ ಟ್ರೇ ಹಿಡಿದು ನಡೆಯುವುದು ನಂದಿಬೆಟ್ಟ ಹತ್ತಿದಂತೆಯೇ. ಕಿವಿ ಕಟ್ಟದಿರಲೆಂದು ಜನರ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮೆಂಟು ಹಂಚಬೇಕು. ಒಬ್ಬರು ಹತ್ತಿಯನ್ನೇ ಬಾಯಿಗೆ ಹಾಕಿಕೊಂಡಿದ್ದರಂತೆ. ಮತ್ತೊಬ್ಬ ಯಜಮಾನರು ಗಾಳಿ ಬೇಕು, ಕಿಟಕಿ ತೆಗಿ ಎಂದು ಹಟ ಹಿಡಿದಿದ್ದರಂತೆ. ಏನೇ ಆದರೂ ನಗುತ್ತಲೇ ಇರಬೇಕು. 'ಸಾಯಂಕಾಲಕ್ಕೆ ಕೆನ್ನೆ ನೋಯುತ್ತೆ ಕಣೆ' ಎಂದು ಹೇಳಿ ಅದಕ್ಕೂ ನಗುತ್ತಿದ್ದಳು. ಹೊರಡುವಾಗ ಜೊತೆಯವರಿಗೆಂದು ಹಿತ್ತಿಲಿನ ಚಕ್ಕೋತ ಹಣ್ಣುಗಳನ್ನು ಚೀಲದಲ್ಲಿ ಹೊತ್ತು ಬಸ್ಸು ಹತ್ತುತ್ತಿದ್ದಳು.

ಬರುವಾಗ ನಮಗೆ ಪೆಪ್ಪರ್‌ಮೆಂಟು. ಅದನ್ನವಳು ತುಂಬಿಕೊಂಡು ಬರುತ್ತಿದ್ದದ್ದು ಈ ಬಿಳಿ ಕವರುಗಳಲ್ಲಿ. ಕೈಗೆ ಸಿಕ್ಕಿದ್ದಕ್ಕೆ ತುಂಬುವ ಸ್ವಭಾವ ಅವಳದು, ಹೆಚ್ಚು ಯೋಚಿಸುವವಳಲ್ಲ. ಆದರೆ ಅವರಮ್ಮನ ಕಣ್ಣು ಪೆಪ್ಪರ್‌ಮೆಂಟಿಗಿಂತ ಕವರಿನ ಮೇಲೆ. ನೀರು ಬಿದ್ದರೂ ನೆನೆಯದ, ಹಾಲಿನಂಥ ಕಾಗದ; ಮೇಲೊಂದು ಪುಟ್ಟ ವಿಮಾನದ ಚಿತ್ರ. ಖಾಲಿಯಾದದ್ದನ್ನೆಲ್ಲ ಒರೆಸಿ, ಮಡಿಸಿ, ಹಾಸಿಗೆಯ ಕೆಳಗಿಟ್ಟು ಜೋಪಾನ ಮಾಡಿದ್ದರು. ಆ ವರ್ಷದ ಗೌರಿ ಹಬ್ಬಕ್ಕೆ ಹೊರಗೆ ತೆಗೆದರು.

ಹಬ್ಬದ ದಿನ ಅಕ್ಕ ಬೆಳಗಿನ ಬಸ್ಸಿಗೆ ಬಂದಳು. ನಡುಮನೆಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಅರಿಸಿನ ಕುಂಕುಮಕ್ಕೆ ಬರುವ ಮುತ್ತೈದೆಯರಿಗೆಂದು ಎಲೆ, ಅಡಿಕೆ, ಬಾಳೆಹಣ್ಣು, ರವಿಕೆ ಕಣ ತುಂಬಿದ ಬಿಳಿ ಕವರುಗಳು ಗೌರಮ್ಮನ ಮುಂದೆ ಸಾಲಾಗಿ ಕೂತಿದ್ದವು. ನನ್ನ ಕೈ ಹಿಡಿದು ದರದರ ಎಳೆದುಕೊಂಡು ಅಡಿಗೆಮನೆಯ ಮೂಲೆಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಆ ಕವರು ಏತಕ್ಕೆಂದು ನನ್ನ ಕಿವಿಯಲ್ಲಿ ಹೇಳಿದಳು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

ಆಣೆಗೆ ಕಾರಣವಿತ್ತು. ಅವಳ ಸೋದರತ್ತೆ ಹೊಸಕೋಟೆ ಕಡೆಯ ಒಂದು ಗಂಡು ನೋಡಿಟ್ಟು ಅಂದೇ ಮಾತು ಮುಗಿಸಲು ಬಂದಿದ್ದರು. ಆಗೆಲ್ಲ ಮದುವೆಯಾದರೆ ಆ ಕೆಲಸ ಬಿಡಬೇಕಿತ್ತು. ಕೆಲಸ ಸಾಕು ಎಂದು ಅವರಪ್ಪನೂ ಅರ್ಧ ಒಪ್ಪಿದ್ದರು. ಉಳಿದ ಅರ್ಧ ಕಂಬಕ್ಕೊರಗಿ ಕೂತಿದ್ದ ಅಜ್ಜಿಯ ಕೈಯಲ್ಲಿತ್ತು. ಆ ಮನೆಯಲ್ಲಿ ಅಜ್ಜಿಯ ಮಾತಿನ ಮೇಲೆ ಮಾತಿಲ್ಲ. ಅಜ್ಜಿಯೂ ಮೊಮ್ಮಗಳು ಆಫೀಸರ್ ಎಂದೇ ನಂಬಿದ್ದರು.

ಮಧ್ಯಾಹ್ನ ನಡುಮನೆ ತುಂಬ ಹೆಂಗಸರು. ಸೋದರತ್ತೆ ಒಂದು ಕವರನ್ನು ಎತ್ತಿ, ಸವರಿ, 'ಎಷ್ಟು ಚೆನ್ನಾಗೈತೆ! ಪ್ಲೇನಲ್ಲಿ ಇದನ್ನ ಏನಕ್ಕೆ ಕೊಡ್ತಾರೆ?' ಎಂದರು. ಅಷ್ಟೇ ಸಾಕಾಯಿತು. ತಡೆದಿಟ್ಟಿದ್ದ ನಗು ನನ್ನ ಮೂಗಿನಿಂದ ಹೊರಗೆ ಬಂತು. ಅತ್ತೆ ನನ್ನ ಕಿವಿ ಹಿಡಿದರು. ಆ ನಗುವಿಗಾಗಿ ನನ್ನನ್ನು ನಾನೇ ಎಷ್ಟು ಸಲ ಬೈದುಕೊಂಡಿದ್ದೇನೋ...

'ಅವಳ್ನ ಬಿಡಿ ಅತ್ತೆ, ನಾನೇ ಹೇಳ್ತೀನಿ' ಎಂದಳು ಅಕ್ಕ. 'ಅದು ಜನ ವಾಂತಿ ಮಾಡ್ಕೊಳ್ಳೋ ಕವರು. ತುಂಬಿದ್ದನ್ನ ಎತ್ತೋದು ನಾನು. ಎಂಜಲು ತಟ್ಟೆ ಎತ್ತೋದೂ ನಾನೇ. ಆಫೀಸರ್ ಗೀಫೀಸರ್ ಏನೂ ಇಲ್ಲ.'

ಹಜಾರದಲ್ಲಿದ್ದ ಅವರಪ್ಪ ತಲೆ ತಗ್ಗಿಸಿದರು. 'ಕೇಳಿದ್ಯಾ ಅಮ್ಮ?' ಎಂದು ಅತ್ತೆ ಅಜ್ಜಿಯತ್ತ ತಿರುಗಿದರು, ಗೆದ್ದವರ ದನಿಯಲ್ಲಿ.

ಅಜ್ಜಿ ಮೊಮ್ಮಗಳನ್ನು ನೋಡಿದರು. 'ಗೊತ್ತಿಲ್ದೋರ್ದು ಎತ್ತೋಕೆ ಅಸಹ್ಯ ಆಗಲ್ವೇನೆ?'

'ಮೊದಮೊದ್ಲು ಆಗ್ತಿತ್ತು ಅಜ್ಜಿ. ಮುಖ ನೋಡಿದ್ರೆ ಪಾಪ ಅನ್ಸುತ್ತೆ, ಭಯಕ್ಕೆ ಬೆವರ್ತಿರ್ತಾರೆ. ಹಣೆ ಗಟ್ಟಿಯಾಗಿ ಹಿಡ್ಕೊಂಡ್ರೆ ಸುಧಾರಿಸ್ಕೊತಾರೆ.'

'ಹಣೆ ಹಿಡಿಯೋದು ಅಲ್ಲಿ ಕಲಿಸಿದ್ರಾ?'

'ಇಲ್ಲ, ನೀನು ಕಲಿಸಿದ್ದು. ನಾನು ಚಿಕ್ಕೋಳಿದ್ದಾಗ ಬೆಂಗಳೂರು ಬಸ್ಸಲ್ಲಿ ಪ್ರತಿ ಸಲ ವಾಂತಿ ಮಾಡ್ತಿದ್ನಲ್ಲ, ನೀನು ಹಿಡ್ಕೊತಿರ್ಲಿಲ್ವಾ?'

ಅಜ್ಜಿ ಕಂಬ ಬಿಟ್ಟು ನೇರವಾಗಿ ಕೂತರು. ಆಮೇಲೆ ಹಜಾರಕ್ಕೆ ಕೇಳುವಂತೆ, 'ಲೋ, ಈ ಮನೆಗೆ ಬಂದಾಗಿಂದ ನಾನೂ ಎಂಜಲೆಲೆ ಎತ್ತಿದೀನಿ ಕಣೋ. ನನ್ನ ಒಬ್ರೂ ಆಫೀಸರ್ ಅನ್ಲಿಲ್ಲ. ಅವಳು ಹೋಗ್ಲಿ ಬಿಡು. ಮದ್ವೆ ಅವಳು ಯಾವಾಗ ಅಂತಾಳೋ ಆವಾಗ' ಎಂದರು. ಮಗಳ ಕಡೆ ತಿರುಗಿ, 'ಕವರು ಹೊಸದು ತಾನೆ? ಯಾರೂ ಏನೂ ಮಾಡಿಲ್ವಲ್ಲ? ಕೊಡು, ಹೆಣ್ಮಕ್ಕಳು ಕಾಯ್ತಾವ್ರೆ' ಎಂದರು.

ನಮ್ಮಮ್ಮ ಮೊದಲು ನಕ್ಕಳು. ಆಮೇಲೆ ನಡುಮನೆಯೆಲ್ಲ ನಕ್ಕಿತು. ಆದರೂ ನಾಲ್ಕೈದು ಮಂದಿ ತಾಂಬೂಲವನ್ನು ಸೆರಗಿಗೆ ಸುರಿದುಕೊಂಡು ಕವರನ್ನು ಅಲ್ಲೇ ಬಿಟ್ಟು ಹೋದದ್ದನ್ನು ನಾನು ನೋಡಿದೆ. ಅವರಪ್ಪ ಅಂದಿನಿಂದ ಆಫೀಸರ್ ಎನ್ನುವುದನ್ನು ನಿಲ್ಲಿಸಿದರು. 'ಜನರನ್ನ ನೋಡ್ಕೊಳ್ಳೋ ಕೆಲಸ' ಎನ್ನುತ್ತಿದ್ದರು, ಟವಲು ಮುಟ್ಟಿಕೊಳ್ಳದೆ.

ಅಕ್ಕ ಎಷ್ಟೋ ವರ್ಷ ಹಾರಿದಳು. ತಡವಾಗಿ, ತನಗೆ ಬೇಕಾದವರನ್ನು ಮದುವೆಯಾಗಿ ಬೆಂಗಳೂರಿನಲ್ಲಿ ನೆಲೆಸಿದಳು. ಎರಡು ವರ್ಷದ ಕೆಳಗೆ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ನೋಡಲು ಹೋದೆ. ಔಷಧಿಯ ಉರಿಗೆ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ನಾನಿದ್ದಾಗಲೇ ಒಂದು ಸಲ ವಾಂತಿ ಬಂದು ಎದ್ದು ಕೂತಳು. ನನ್ನ ಅಂಗೈ ತಾನಾಗಿಯೇ ಅವಳ ಹಣೆಗೆ ಹೋಯಿತು. ಸುಧಾರಿಸಿಕೊಂಡ ಮೇಲೆ ಕಣ್ಣು ತೆರೆದು, 'ತಾಂಬೂಲದ ಕವರು ಎಲ್ಲೆ?' ಎಂದಳು. ಇಬ್ಬರೂ ನಗಲಾರದೆ ನಕ್ಕೆವು. ನರ್ಸಮ್ಮ ಬಾಗಿಲಿಂದ ಇಣುಕಿ ಹೋದಳು. ಮುಂದಿನ ಗೌರಿ ಹಬ್ಬಕ್ಕೆ ಅಕ್ಕ ಇರಲಿಲ್ಲ...

ವಿಮಾನ ಆಗಲೇ ಮೇಲೇರಿತ್ತು. ಕೋಟೆ ಕಾಣುತ್ತದೇನೋ ಎಂದು ಕಿಟಕಿಗೆ ಹಣೆ ಒತ್ತಿ ಹುಡುಕಿದೆ, ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ಕವರು ಕೈಯಲ್ಲೇ ಇತ್ತು. ವಿಮಾನದ ಕೆಲಸದ ಹುಡುಗಿ, ಇಪ್ಪತ್ತೆರಡು ವರ್ಷವಿದ್ದೀತು, ನನ್ನ ಒದ್ದೆ ಕಣ್ಣು ನೋಡಿ ಲಗುಬಗೆಯಿಂದ ಬಂದು ಬಗ್ಗಿದಳು.

'ಆಂಟಿ, ವಾಂತಿ ಬರೋ ಹಾಗಿದೆಯಾ?'

'ಇಲ್ಲ ಕಣಮ್ಮ, ಚೆನ್ನಾಗಿದೀನಿ' ಎಂದೆ. ಅವಳು ನಂಬಲಿಲ್ಲ. ಮೆಲ್ಲಗೆ ನನ್ನ ಹಣೆಯ ಮೇಲೆ ಕೈಯಿಟ್ಟಳು.