ಜಗಲಿಯ ಮೇಲಿನ ಕಿಲ್ಲಿ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಕನ್ನಡ ಸಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ಎಂಟಕ್ಕೆ ಪಕ್ಕದ ಊರಿನ ಮರಾಠಿ ಹೈಸ್ಕೂಲಿಗೆ ಹೋಗಬೇಕು. ಹದಿನೇಳು ದಿನ ಹೋದೆ. ಲೆಕ್ಕ ತಿಳಿಯುತ್ತಿತ್ತು, ಅದನ್ನು ಹೇಳಿಕೊಡುವ ಮಾತು ತಿಳಿಯುತ್ತಿರಲಿಲ್ಲ. ಹದಿನೆಂಟನೆಯ ದಿನ ಸೊಲ್ಲಾಪುರದ ಬಸ್ಸು ಹತ್ತಿ, ಗಾಡಿಗಳ ವೈರಿಂಗ್ ಮಾಡುವ ಒಬ್ಬ ಉಸ್ತಾದರ ಅಂಗಡಿ ಸೇರಿದೆ. ಇವತ್ತಿಗೂ ಮೀಟರಿನ ಅಂಕಿಗಳನ್ನು ನನ್ನ ವಹಿಯಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆ ಸಾಲೆ ಕೊಟ್ಟದ್ದರಲ್ಲಿ ಕೈಯಲ್ಲಿ ಉಳಿದದ್ದು ಅಷ್ಟು. ಅದನ್ನು ಬಿಟ್ಟುಕೊಟ್ಟಿಲ್ಲ.

ಈ ಪ್ರಕರಣ ೨೦೨೩ರದು. ಆಗ ಸೊಲ್ಲಾಪುರದಲ್ಲಿ ನನ್ನದೇ ಅಂಗಡಿ ಇತ್ತು. ಬೇರೆಯವರು ಕೈಬಿಟ್ಟ ಗಾಡಿಗಳು ನನ್ನ ಬಾಗಿಲಿಗೆ ಬರುತ್ತಿದ್ದವು, ನನಗೆ ಅದರ ಅಭಿಮಾನವೂ ಇತ್ತು.

ಟಾವೆಲ್ ವ್ಯಾಪಾರದ ಶಿವಪುತ್ರಪ್ಪ ಸಾಹುಕಾರರು ಐವತ್ತೆಂಟನೆಯ ವಯಸ್ಸಿನಲ್ಲಿ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗು, ಆಟೋಮ್ಯಾಟಿಕ್ ಅಲ್ಲ, ಕಾಲಲ್ಲಿ ಕ್ಲಚ್ ಒತ್ತಿ ಕೈಯಲ್ಲಿ ಗೇರು ಹಾಕುವ ಗಾಡಿ. ಪೇಟೆ ಮಂದಿ ನಕ್ಕರು. ಅವರು ಪ್ರತಿ ಗುರುವಾರ ಹೆಂಡತಿ ನೀಲಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಗಳ ದರ್ಶನ ಮಾಡಿ ಬರುತ್ತಿದ್ದರು. ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಆಮೇಲೆ ಸಾಹುಕಾರರು ತೀರಿಕೊಂಡರು. ಗುರುವಾರದ ಫೇರಿಯನ್ನು ನೀಲಮ್ಮನವರು ಬಿಡಲಿಲ್ಲ. ಗಾಡಿ ಹೊಡೆಯುವ ಕೆಲಸ ಮೈದುನ ಮಲ್ಲಣ್ಣನವರ ಕೊರಳಿಗೆ ಬಿತ್ತು.

ಶುಕ್ರವಾರದಿಂದ ಬುಧವಾರದವರೆಗೆ ಆರು ದಿನ ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಗುರುವಾರ ಬೆಳಿಗ್ಗೆ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪ ಮಂಕಾಗಿ ಹತ್ತಿ ಸುಮ್ಮನಾಗುತ್ತಿತ್ತು. ಕ್ಲಚ್ ಗಾಡಿಯಾದ್ದರಿಂದ ನಾಲ್ವರು ನೂಕಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಹೇಗೋ ಎದ್ದುಬಿಡುತ್ತಿತ್ತು. ಪುಣೆಯ ಒಂದು ವರ್ಕ್‌ಶಾಪಿನವರು ಎರಡು ಬಾರಿ ಬ್ಯಾಟರಿ ಬದಲಿಸಿಯೂ ರೋಗ ಹೋಗಿರಲಿಲ್ಲ.

ನಾನು ಮೊದಲ ಸಲ ಹೋದಾಗ ಮಲ್ಲಣ್ಣನವರು ಶೆಡ್ಡಿನಲ್ಲೇ ನಿಂತಿದ್ದರು.

"ಮಿಸ್ತ್ರಿ, ಎರಡು ಹೊಸಾ ಬ್ಯಾಟ್ರಿ ನುಂಗ್ಯಾದ ಇದು. ನಿನ್ನ ಕಡಿಂದ ಆಗ್ತದೋ, ನಾ ಮಾರಿ ಕೈ ತೊಕ್ಕೊಳ್ಳೋ?"

"ಮಾರೂ ಮಾತ ತಗೀಬ್ಯಾಡ ಮಲ್ಲಣ್ಣ," ಎಂದರು ಹಿಂದೆ ನಿಂತಿದ್ದ ನೀಲಮ್ಮನವರು.

"ಓಡೂ ಗಾಡಿ ಇದ್ರ ನಾ ಯಾಕ ಮಾರಲಿ ವೈನಿ? ದರ ಗುರುವಾರ ಹಮಾಲರನ್ನ ಕರದು ಧಕ್ಕಾ ಹೊಡಸೂದು ಬರೋಬರ್ ಕಾಣಸ್ತದೇನು? ಇನ್ನ ಮೂರು ಗುರುವಾರ ನೋಡೂಣು. ಮೂರನೇದಕ್ಕೂ ನಿಂತ್ರ ಬಸ್, ಪುಣೆದ ಗಿರಾಕಿಗೆ ಹೂಂ ಅಂತೀನಿ."

ನೀಲಮ್ಮನವರು ಸೆರಗಿನಿಂದ ಬಾನೆಟ್ಟಿನ ಧೂಳು ಒರೆಸಿದರು. ಆ ಗಾಡಿ ಹೋದರೆ ಅವರಿಂದ ಏನು ಹೋಗುತ್ತದೆ ಎಂಬುದು ನನಗೆ ಆಗಲೇ ತಿಳಿಯಿತು.

ನಿಲ್ಲಿಸಿದ ಗಾಡಿ ತನ್ನಷ್ಟಕ್ಕೆ ಬ್ಯಾಟರಿ ಕುಡಿಯುವುದಕ್ಕೆ ನಮ್ಮಲ್ಲಿ ಪ್ಯಾರಾಸಿಟಿಕ್ ಡ್ರೇನ್ ಎನ್ನುತ್ತಾರೆ. ಇಂದಿನ ಗಾಡಿಗಳಲ್ಲಿ ಸಣ್ಣ ಸಣ್ಣ ಕಂಪ್ಯೂಟರುಗಳಿರುತ್ತವೆ. ಗಾಡಿ ಬಂದ್ ಮಾಡಿದ ಅರ್ಧ ತಾಸಿಗೆ ಅವು ಒಂದೊಂದಾಗಿ ನಿದ್ದೆ ಹೋಗಬೇಕು. ಹೋದ ಮೇಲೆ ಈ ಗಾಡಿ ಎಳೆಯಬೇಕಾದ ಕರೆಂಟು ೦.೦೩ ಆಂಪಿಯರ್. ಅಷ್ಟಾದರೆ ಬ್ಯಾಟರಿ ವಾರಗಟ್ಟಲೆ ತಾಳುತ್ತದೆ.

ಈ ಗಾಡಿಯ ಕಿಲ್ಲಿ, ಅಂದರೆ ಕೀಲಿಕೈ, ತಿರುವುವಂಥದಲ್ಲ. ಅದು ಹತ್ತಿರ ಬಂದರೆ ಸಾಕು, ರೇಡಿಯೋ ಸನ್ನೆಯಿಂದ ಗಾಡಿ ಗುರುತು ಹಿಡಿದು ಎಚ್ಚರಾಗುತ್ತದೆ. ಅದಕ್ಕೇ ತಪಾಸಣೆಯ ಹೊತ್ತಿನಲ್ಲಿ ನಾನು ಇಂಥ ಕಿಲ್ಲಿಗಳನ್ನು ನನ್ನ ಊಟದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತೇನೆ. ಲೋಹದ ಡಬ್ಬಿಯಿಂದ ಸನ್ನೆ ಹೊರಗೆ ಬರುವುದಿಲ್ಲ. ಅಂದೂ ಹಾಗೆಯೇ ಮಾಡಿ, ಮೀಟರ್ ಜೋಡಿಸಿ, ಅರ್ಧ ತಾಸು ಕಾದೆ. ೦.೦೩. ಹೊರಗಿನವರು ಕೂರಿಸಿದ ಮ್ಯೂಸಿಕ್ ಸಿಸ್ಟಮಿನ ಒಂದು ವೈರು ಸಡಿಲಿತ್ತು. ಅದನ್ನೇ ಕಳ್ಳನೆಂದು ತಿಳಿದು ಸರಿಪಡಿಸಿ, ಬ್ಯಾಟರಿ ಚಾರ್ಜ್ ಮಾಡಿ, "ಆತ್ರಿ" ಎಂದೆ.

ಗುರುವಾರ ಗಾಡಿ ಏಳಲಿಲ್ಲ.

ಆ ದಿನವೇ ಅದನ್ನು ನನ್ನ ಅಂಗಡಿಗೆ ತಂದೆ. ಕಿಲ್ಲಿ ಡಬ್ಬಿಯಲ್ಲಿ, ಗಾಡಿ ಕಣ್ಣೆದುರಲ್ಲಿ. ಏಳು ದಿನ ಬಿಟ್ಟು ಎರಡನೆಯ ಗುರುವಾರ ಬಟನ್ ಒತ್ತಿದರೆ ಒಂದೇ ಏಟಿಗೆ ಎದ್ದಿತು. ಮನೆಗೆ ಒಯ್ದು ಕೊಟ್ಟಾಗ ಮಲ್ಲಣ್ಣನವರು ನಕ್ಕರು.

"ನಿನ್ನ ಅಂಗಡ್ಯಾಗ ಛಂದ ಇರ್ತದ, ನಮ್ಮ ಮನ್ಯಾಗ ಸಾಯ್ತದ. ತವರಮನಿ ಸಿಕ್ಕಂಗ ಆಗ್ಯಾದ ನೋಡು ಅದಕ್ಕ! ಮೀಟರ್ ನೋಡಿ ನೋಡಿ ನಿನ್ನ ಕಣ್ಣ ಹೋದಾವ ಹೊರತು ಕರೆಂಟ್ ಸಿಗಲಿಲ್ಲ."

ಮೂವತ್ತೈದು ವರ್ಷದಲ್ಲಿ ಅಂಥ ಮಾತು ಕೇಳಿರಲಿಲ್ಲ. ಸಿಟ್ಟು ನುಂಗಿಕೊಂಡೆ. ಆದರೆ ಅವರ ಚೇಷ್ಟೆಯ ಮಾತಿನಲ್ಲೇ ಉತ್ತರವಿತ್ತು. ಅಂಗಡಿಯಲ್ಲಿ ಇರದೆ ಮನೆಯಲ್ಲಿ ಇರುವುದು ಏನು?

"ಅಕ್ಕಾರ, ಕಿಲ್ಲಿ ಎಲ್ಲಿ ಇಡ್ತೀರಿ?" ಎಂದು ಕೇಳಿದೆ.

"ದೇವ್ರ ಜಗಲಿ ಮ್ಯಾಲೆ ಇರ್ತದ ಭೀಮಣ್ಣ, ಅವ್ರ ಫೋಟೋದ ಮುಂದ."

ತಪ್ಪು ಮಾಡಿದ್ದು ಇಲ್ಲೇ. ನಮ್ಮ ಕಡೆ ಜಗಲಿ ಎಂದರೆ ದೇವರನ್ನು ಕೂರಿಸುವ ಕಟ್ಟೆ. ನಮ್ಮ ಹಳ್ಳಿಯ ಮನೆಗಳಲ್ಲಿ ಅದು ಎಲ್ಲಕ್ಕಿಂತ ಒಳಗಿನ, ಕತ್ತಲೆಯ ಕೋಣೆಯಲ್ಲಿರುತ್ತದೆ. ಜಗಲಿ ಎಂದೊಡನೆ ನನ್ನ ಮನಸ್ಸಿನಲ್ಲಿ ಬಂದದ್ದು 'ದೂರ' ಎಂದೇ. ಗ್ರೀಸಿನ ಕೈಯವನು ನಾನು, ದೇವರ ಕೋಣೆಯವರೆಗೆ ಹೋಗಿ ನೋಡುವ ಪದ್ಧತಿಯೂ ಇರಲಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮೂರನೆಯ ಗುರುವಾರಕ್ಕೆ ಮೂರು ದಿನ ಇರುವಾಗ, ಸೋಮವಾರ ಸಂಜೆ, ನಾನೇ ಹೋದೆ. ಈ ಸಲ ನನ್ನ ಪದ್ಧತಿ ಬಿಟ್ಟೆ. ಕಿಲ್ಲಿ ಕೇಳಲಿಲ್ಲ. ಮನೆಯವರು ಹೇಗೆ ಇಟ್ಟಿದ್ದಾರೋ ಹಾಗೇ ಇರಲಿ ಎಂದು ಮೀಟರ್ ಜೋಡಿಸಿ ಸ್ಟೂಲಿನ ಮೇಲೆ ಕುಳಿತೆ. ಅರ್ಧ ತಾಸು ಕಳೆಯಿತು. ಅಂಕಿ ಇಳಿಯಲಿಲ್ಲ. ೦.೩೫. ದಿನಕ್ಕೆ ೮.೪, ಆರು ದಿನಕ್ಕೆ ಐವತ್ತು. ಅರವತ್ತು ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಉಳಿಯುವುದು ಹತ್ತು. ದೀಪ ಮಂಕಾಗಿ ಹತ್ತಲು ಸಾಕು, ಎಂಜಿನ್ ತಿರುಗಿಸಲು ಸಾಲದು. ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಒಮ್ಮೆಲೇ ಅಂಕಿ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ಸ್ವಲ್ಪ ಹೊತ್ತಿಗೆ, ಯಾರೂ ಮುಟ್ಟದೆ, ಗಾಡಿಯ ಕನ್ನಡಿಯ ಕೆಳಗಿನ ದೀಪ ಹತ್ತಿತು. ಒಡೆಯ ಹತ್ತಿರ ಬಂದಾಗ ಹತ್ತುವ ದೀಪ ಅದು. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದಿನ ಗೋಡೆಯಾಚೆ ಪೂಜೆಯ ಗಂಟೆ ಕೇಳಿಸಿತು.

ಎದ್ದು ಗೋಡೆಯ ಮೇಲೆ ಕೈಯಿಟ್ಟೆ. ಮನೆಯ ಮುಂಬಾಗಿಲು ದೊಡ್ಡ ಬೀದಿಗೆ, ಶೆಡ್ಡು ಹಿಂದಿನ ಗಲ್ಲಿಗೆ. ಮುಂಬಾಗಿಲಿನಿಂದ ಎಲ್ಲಕ್ಕಿಂತ ದೂರದ ಕೋಣೆ ಹಿಂದಿನ ಗಲ್ಲಿಗೆ ಎಲ್ಲಕ್ಕಿಂತ ಹತ್ತಿರ. ನಡುವೆ ಇದ್ದದ್ದು ಒಂಬತ್ತು ಇಂಚಿನ ಇಟ್ಟಿಗೆ. ಕಿಲ್ಲಿಯನ್ನು ಡಬ್ಬಿಯಲ್ಲಿ ಮುಚ್ಚಿ ರೋಗವನ್ನೇ ಮುಚ್ಚಿಟ್ಟವನು ನಾನು.

ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಕೈಕಾಲು ತೊಳೆದು, ಅಪ್ಪಣೆ ಕೇಳಿ ದೇವರ ಕೋಣೆಯ ಹೊಸ್ತಿಲವರೆಗೆ ಹೋದೆ. ದೀಪ ಹಚ್ಚುವ ಮುನ್ನ ನೀಲಮ್ಮನವರು ದೇವರ ಸಾಮಾನನ್ನೆಲ್ಲ ಅಡುಗೆಮನೆಗೆ ಒಯ್ದು ತೊಳೆದು ತರುತ್ತಿದ್ದರಂತೆ. ಅದರ ಜೊತೆಗೆ ಕಿಲ್ಲಿಯನ್ನೂ ಒರೆಸಿ ತರುವುದು. ಅದು ಅಡುಗೆಮನೆಗೆ ಹೋದಾಗ ಅಂಕಿ ಕುಸಿದದ್ದು, ಮರಳಿದಾಗ ದೀಪ ಹತ್ತಿದ್ದು. ಜಗಲಿಯ ಮೇಲ್ಗಡೆ ಶೆಡ್ಡಿನ ಕಡೆಗೆ ಒಂದು ಕಿಂಡಿ.

"ಅಕ್ಕಾರ, ಕಿಲ್ಲಿ ಇಲ್ಲಿಟ್ಟ ಕೂಡಲೆ ಗಾಡಿ ದೀಪ ಹತ್ತತದ. ನಿಮಗ ಗೊತ್ತದ ಏನ್ರಿ?"

"ದಿನಾ ಹತ್ತತದ," ಎಂದರು. ಆ ಕಿಂಡಿ ನೋಡುತ್ತ ಹೇಳಿದರು. "ಆ ಬೆಳಕ ಇಲ್ಲಿ ಬೀಳ್ತದ. ಅವ್ರು ಅಂಗಡಿ ಮುಗಿಸಿ ಇದೇ ಹೊತ್ತಿಗೆ ಬರ್ತಿದ್ರು. ಬಂದ್ರೇನೋ ಅನಸ್ತದ. ಯಾರ ಮುಂದ ಹೇಳಲಿ ಭೀಮಣ್ಣ? ಹುಚ್ಚಿ ಅಂದಾರು."

ನಾನು ಇದ್ದದ್ದನ್ನು ಹೇಳಿದೆ. ಗಾಡಿಗೆ ಯಾವ ರೋಗವೂ ಇಲ್ಲ. ಅದು ಹಗಲೂ ರಾತ್ರಿ ಕಿಲ್ಲಿಯ ಗುರುತು ಹಿಡಿದು, ಒಡೆಯ ಈಗ ಬಂದಾನು, ಈಗ ಬಂದಾನು ಎಂದು ಎಚ್ಚರಿರುತ್ತದೆ. ಕಾದು ಕಾದು ಬ್ಯಾಟರಿ ತೀರುತ್ತದೆ. ಕಿಲ್ಲಿ ಇಲ್ಲಿಂದ ಹೋಗಬೇಕು, ಇಲ್ಲವೆ ಗಾಡಿ ಹೋಗಬೇಕು.

ನೀಲಮ್ಮನವರು ಎದ್ದು ಸಾಹುಕಾರರ ಎಲೆಯಡಿಕೆ ಡಬ್ಬಿ ತಂದರು. ದಪ್ಪ ಹಿತ್ತಾಳೆಯದು, ಬಿಗಿ ಮುಚ್ಚಳ. ಕಿಲ್ಲಿ ಅದರಲ್ಲಿ ಕುಳಿತಿತು. ಡಬ್ಬಿಯನ್ನು ಫೋಟೋದ ಮುಂದೆ ಅದೇ ಜಾಗದಲ್ಲಿಟ್ಟರು. ನಾನು ಶೆಡ್ಡಿಗೆ ಹೋಗಿ ಅರ್ಧ ತಾಸು ಕಾದು ವಹಿಯಲ್ಲಿ ಬರೆದು ತಂದೆ. ಮಲ್ಲಣ್ಣನವರು ವಹಿ ಇಸಿದುಕೊಂಡು ಅತ್ತ ತಿರುಗಿಸಿ ಇತ್ತ ತಿರುಗಿಸಿದರು. ಅವರದು ಮರಾಠಿ ಸಾಲೆ.

"ಇದೇನ ಬರದಿಪಾ, ಜಿಲೇಬಿ ಬಿಟ್ಟಂಗ?"

"ಇತ್ತ ತಾ," ಎಂದರು ನೀಲಮ್ಮನವರು. ಅವರು ಇಂಡಿ ಕಡೆಯ ಕನ್ನಡ ಸಾಲೆ ಕಲಿತವರು. "ಸೊನ್ನಿ ಪಾಯಿಂಟ್ ಸೊನ್ನಿ ಮೂರು." ಓದಿ ನನ್ನ ಮುಖ ನೋಡಿದರು. "ಭೀಮಣ್ಣ, ಬುಧವಾರ ಒಂದ ಸಂಜಿಕೆ ಡಬ್ಬಿ ತೆರದಿಟ್ರ ನಡೀತದೇನು?"

ಬುಧವಾರ ಸಂಜೆಯಿಂದ ಗುರುವಾರ ಬೆಳಿಗ್ಗೆಯವರೆಗೆ ಹನ್ನೆರಡು ತಾಸು. ಲೆಕ್ಕ ಹಾಕಿದೆ. ೪.೨.

"ನಡೀತದ್ರಿ ಅಕ್ಕಾರ. ಬ್ಯಾಟ್ರಿ ಇವತ್ತ ಚಾರ್ಜ್ ಮಾಡ್ತೀನಿ, ಒಂದ ಸಂಜಿ ತಾಳ್ತದ."

ಮೂರನೆಯ ಗುರುವಾರ ಮಲ್ಲಣ್ಣನವರೇ ಬಟನ್ ಒತ್ತಿದರು. ಒಂದೇ ಏಟಿಗೆ ಎದ್ದಿತು. ಅವರು ಇಳಿದು, "ಇವತ್ತ ನೀನ ಹೊಡಿಯೋ ಮಿಸ್ತ್ರಿ, ನಿನ್ನ ಗೆಲುವಿದು" ಎಂದು ಪಕ್ಕಕ್ಕೆ ಸರಿದರು. ಮಾರುವ ಮಾತು ಮತ್ತೆ ಬರಲಿಲ್ಲ. ಅಕ್ಕಲಕೋಟದ ದಾರಿಯಲ್ಲಿ ಒಂದು ತಿರುವಿನ ಮುಂದೆ ನೀಲಮ್ಮನವರು, "ಇಲ್ಲಿ ಅವ್ರು ಥರ್ಡಿಗೆ ಇಳಸ್ತಿದ್ರು" ಎಂದರು. ನಾನೂ ಇಳಿಸಿದೆ. ಎಂಜಿನ್ನಿನ ದನಿ ಏರಿತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಮುಂದೆ ನನ್ನ ಹಳ್ಳಿಗೆ ಒಡೆಯುವ ದಾರಿ ಬಂತು. ಅಲ್ಲಿ ನಾನು ಗೇರು ಸ್ವಲ್ಪ ತಡವಾಗಿ ಬದಲಿಸಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಗಾಡಿಯನ್ನು ನನ್ನ ಪದ್ಧತಿಯಲ್ಲಿ ನಿಲ್ಲಿಸಿ ಅಳೆದರೆ ನನ್ನ ಪದ್ಧತಿಯೇ ಅಳತೆಗೆ ಸಿಗುತ್ತದೆ. ಅದು ಇರುವ ಮನೆಯಲ್ಲಿ, ಇರುವ ಹಾಗೆ ಅಳೆಯಬೇಕು. ಈಗ ಯಾವ ಗಾಡಿ ಬಂದರೂ ಮೊದಲು ಕೇಳುವುದು, ಕಿಲ್ಲಿ ಎಲ್ಲಿ ಇಡುತ್ತೀರಿ ಎಂದು. ಎರಡನೆಯದು, ಆ ಜಾಗ ತೋರಿಸಿ ಎಂದು.

ಈಗ ನನ್ನ ಹತ್ತಿರ ಇರುವುದು ಒಂದು ಅಂಗಡಿ, ಮೂರು ಮೀಟರು, ಒಂದು ಸ್ಟೀಲ್ ಡಬ್ಬಿ, ಕನ್ನಡ ಅಂಕಿಗಳ ಇಪ್ಪತ್ತೆರಡು ವಹಿ, ಮತ್ತು ಅವನ್ನು ಓದಬಲ್ಲ ಒಬ್ಬ ಗಿರಾಕಿ.