ತೇಪೆ ಟೀಚರ್

ನಮ್ಮ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಗೆ ಮಕ್ಕಳು ಇಟ್ಟ ಹೆಸರು ತೇಪೆ ಟೀಚರ್. ಅದು ಅವರ ಕಿವಿಗೂ ಬಿದ್ದಿತ್ತು. "ಸದ್ಯ, ಹರಕು ಟೀಚರ್ ಅನ್ನಲಿಲ್ವಲ್ಲ" ಎಂದು ನಕ್ಕು ಸುಮ್ಮನಾಗಿದ್ದರು.

ಹೆಸರೇನೂ ಸುಳ್ಳಲ್ಲ. ಬೆಂಚಿನ ಕಾಲು ಮುರಿದರೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಬಿಗಿಯುತ್ತಿದ್ದರು. ಚಾವಣಿಯ ತಗಡಿನ ತೂತಿಗೆ ಡಾಂಬರು ಮೆತ್ತಿಸುತ್ತಿದ್ದರು. ಕರಿಹಲಗೆ ಬಿಳಿಚಿಕೊಂಡರೆ ರಜೆಯ ದಿನ ಬಂದು ತಾವೇ ಬಣ್ಣ ಬಳಿಯುತ್ತಿದ್ದರು. ಅಪ್ಪ ಗಿರಣಿಯಲ್ಲಿ ಮೂಟೆ ಹೊತ್ತು ಓದಿಸಿದ ಮಗಳು ಅವರು; ಕಲಿತದ್ದೂ ಇಂಥದ್ದೇ ಶಾಲೆಯಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಿಪೇರಿಗೆಂದು ಇಲಾಖೆಗೆ ಬರೆದೂ ಬರೆದೂ ಕೈ ಸೋತರಂತೆ. ಅನುದಾನ ಇಲ್ಲ ಎಂಬುದೊಂದೇ ಉತ್ತರ. ಆಮೇಲೆ ಕೇಳುವುದನ್ನೇ ಬಿಟ್ಟರು. ಅವರ ಯಜಮಾನರು ದರ್ಜಿ. "ನಾನು ಬಟ್ಟೆಗೆ ತೇಪೆ ಹಾಕ್ತೀನಿ, ನೀನು ಸರ್ಕಾರಕ್ಕೆ ಹಾಕ್ತೀಯ. ನನಗಾದ್ರೂ ಗಿರಾಕಿ ಕೂಲಿ ಕೊಡ್ತಾರೆ ಕಣೇ" ಎಂದು ರೇಗಿಸುತ್ತಿದ್ದರು.

ಆ ವರ್ಷ ಸರ್ಕಾರ ಶಾಲೆಗಳಿಗೆ ಕೊಡುವ ಹಣವನ್ನು ಹೆಚ್ಚಿಸಿತು. ತೀರಾ ಕೆಟ್ಟಿರುವ ಕೊಠಡಿಗಳ ಬದಲಿಗೆ ಮೊದಲು ಹೊಸದು ಕಟ್ಟುತ್ತಾರೆ, ಯಾವುದು ಕೆಟ್ಟಿದೆಯೆಂದು ಎಂಜಿನಿಯರ್ ಬಂದು ನೋಡಿ ಹೇಳಬೇಕು ಎಂದಾಯಿತು. ನಮ್ಮ ಮೂರನೇ ತರಗತಿಯ ಗೋಡೆ ಸೂರಿನಿಂದ ನೆಲದವರೆಗೂ ಸೀಳಿತ್ತು. ಅದಕ್ಕೆ ಹೆದರಿಯೇ ಕೆಲವರು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಗೆ ಹಾಕಿದ್ದರು. ಇನ್ನೂ ನಾಲ್ಕಾರು ಮಕ್ಕಳು ಹೋದರೆ ಶಾಲೆಯನ್ನೇ ಮುಚ್ಚುತ್ತಾರೆ ಎಂಬ ಮಾತು ಕೇಳಿಬರುತ್ತಿತ್ತು. ಹೊಸ ಕೊಠಡಿ ನಮಗೆ ಸಿಗಲೇಬೇಕಿತ್ತು.

ಎಂಜಿನಿಯರ್ ನಾಳೆ ಬರುತ್ತಾರೆಂದು ಸುದ್ದಿ ಬಂತು. ಯಾಕೆ ಬರುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಆದರೂ ಸಾಹೇಬರು ಬರುತ್ತಾರೆ ಎಂದದ್ದೇ ತಡ, ಎಷ್ಟೋ ವರ್ಷಗಳ ರೂಢಿಯಂತೆ ಕೈಗಳು ತಾವಾಗಿಯೇ ಓಡಿದವು. ಬಿಸಿಯೂಟದ ಅಡುಗೆಯಮ್ಮ ಅಂಗಳ ಗುಡಿಸಿದರು. ಅಲ್ಲೇ ಸಹಶಿಕ್ಷಕನಾಗಿದ್ದ ನಾನು ಸುಣ್ಣ ಕಲಸಿದೆ. ಟೀಚರ್ ಮೈದಾ ಅಂಟು ಕಾಯಿಸಿ, ಸೀಳಿಗೆ ಕಾಗದ ತುರುಕಿ, ಅದರ ಮೇಲೆ ಮನುಷ್ಯನ ದೇಹದ ದೊಡ್ಡ ಪಟ ಅಂಟಿಸಿದರು. ಪಟ ಸಾಲದ ಕಡೆ ಬೀರು ಸರಿಸಿದೆವು. ಗಟ್ಟಿಯಾದ ಬೆಂಚುಗಳೆಲ್ಲ ಅಲ್ಲಿಗೇ ಬಂದವು. ಸಂಜೆ ನೋಡಿದರೆ ಇಡೀ ಶಾಲೆಯಲ್ಲಿ ಆ ಕೊಠಡಿಯೇ ಚಂದ.

ಮರುದಿನ ಎಂಜಿನಿಯರ್ ಬಾಗಿಲಲ್ಲೇ ನಿಂತು ಕಣ್ಣಾಡಿಸಿದರು.

"ಪರವಾಗಿಲ್ವಲ್ಲ ಟೀಚರ್! ಬೆಳಗ್ಗೆಯಿಂದ ಬರೀ ಹಾಳು ಗೋಡೆ ನೋಡಿ ತಲೆ ಕೆಟ್ಟಿತ್ತು. ಇಲ್ಲಿ ಬಂದು ಜೀವ ತಂಪಾಯ್ತು."

"ಎಲ್ಲ ಸೇರಿ ಮಾಡ್ಕೊಂಡಿದೀವಿ ಸಾರ್" ಎಂದರು ಟೀಚರ್, ಹೆಮ್ಮೆಯಿಂದಲೇ.

"ಒಳ್ಳೇದು. ಹಾಗಾದ್ರೆ ನಿಮಗೆ ಸದ್ಯಕ್ಕೆ ಬೇಡ ಬಿಡಿ. ನಿಮಗಿಂತ ಕಷ್ಟದಲ್ಲಿರೋರು ಇದಾರೆ, ಪಾಪ."

ಅವರು ಮೆಟ್ಟಿಲಿಳಿದರು. ಅಡುಗೆಯಮ್ಮ ನನ್ನ ತೋಳು ಹಿಡಿದು, "ಅಯ್ಯೋ ಮೇಷ್ಟ್ರೇ, ನಮ್ ಕೈಯಾರೆ ನಾವೇ ಕೆಡಿಸ್ಕೊಂಡ್ವಲ್ಲ!" ಎಂದರು. ಟೀಚರ್ ಮುಖದಲ್ಲಿ ಹೆಮ್ಮೆಯ ನಗು ಇನ್ನೂ ಇತ್ತು, ಇಳಿಸಲು ಮರೆತವರಂತೆ.

"ಸಾರ್, ಒಂದ್ನಿಮಿಷ. ಒಳಗೆ ಬನ್ನಿ" ಎಂದು ಟೀಚರ್ ಕೂಗಿದರು.

ಎಂಜಿನಿಯರ್ ತಿರುಗಿ ಬಂದರು. ಟೀಚರ್ ಪಟದ ತುದಿ ಹಿಡಿದು ಎಳೆದರು. ಅಂಟು ಗಟ್ಟಿಯಾಗಿತ್ತು, ಪಟದ ಜೊತೆ ತುರುಕಿದ್ದ ಕಾಗದವೂ ಗಾರೆಯೂ ಕಿತ್ತು ಬಿತ್ತು. ಸೀಳಿನೊಳಗಿಂದ ಆಚೆಯ ಬಿಸಿಲು ಕಾಣಿಸಿತು.

"ಇದೇನ್ ಟೀಚರ್! ಕಾಯಿಲೆ ಬಿದ್ದೋರಿಗೆ ಪೌಡರ್ ಹಚ್ಚಿ ಡಾಕ್ಟ್ರಿಗೆ ತೋರಿಸ್ತಾರಾ?"

"ಮುಂಚೆ ಬರ್ತಿದ್ದೋರೆಲ್ಲ ಗೋಡೆ ಕೆಟ್ಟಿದ್ರೆ ನಮ್ಮನ್ನೇ ಬೈತಿದ್ರು ಸಾರ್. ದುಡ್ಡಂತೂ ಇಲ್ಲ, ಬೈಗುಳನಾದ್ರೂ ತಪ್ಪಲಿ ಅಂತ ಮುಚ್ಕೊಂಡು ಬಂದ್ವಿ. ಅದೇ ಅಭ್ಯಾಸ ಆಗೋಯ್ತು."

ಎಂಜಿನಿಯರ್ ಸೀಳಿನಲ್ಲಿ ಕೈ ಇಟ್ಟರು. ಅಂಗೈ ಪೂರ್ತಿ ಒಳಗೆ ಹೋಯಿತು.

"ಇಲ್ಲಿ ಮಕ್ಕಳನ್ನ ಕೂರಿಸ್ತಿದ್ರಾ?"

"ಈ ಗೋಡೆ ಕಡೆ ಕೂರಿಸ್ತಿರಲಿಲ್ಲ" ಎಂದು ಟೀಚರ್ ತಲೆ ತಗ್ಗಿಸಿದರು.

"ನೋಡಿದ ಮೇಲೆ ನಾನು ಸುಮ್ನಿರೋ ಹಾಗಿಲ್ಲ. ಇವತ್ತೇ ಬೀಗ ಹಾಕಿ. ಹೊಸದಕ್ಕೆ ಬರೆದು ಕಳಿಸ್ತೀನಿ."

"ಯಾವಾಗ ಬರತ್ತೆ ಸಾರ್?"

"ಅದು ನನ್ ಕೈಲಿಲ್ಲ. ಹಣ ಜಾಸ್ತಿ ಮಾಡಿರೋದು ನಿಜ. ಆದ್ರೆ ಬೀಳೋ ಗೋಡೆಗಳು ಅದಕ್ಕಿಂತ ಜಾಸ್ತಿ ಇವೆ, ಟೀಚರ್."

ಮಧ್ಯಾಹ್ನವೇ ಬೀಗ ಬಿತ್ತು. ಮೂರನೇ ತರಗತಿ ಜಗಲಿಗೆ ಬಂತು. ಸಂಜೆ ಮಗಳನ್ನು ಕರೆದೊಯ್ಯಲು ಬಂದ ಆಟೋ ಡ್ರೈವರ್ ಗಾಡಿ ಆರಿಸದೆಯೇ ಕೇಳಿದ: "ಏನ್ ಟೀಚರ್, ಸರ್ಕಾರ ದುಡ್ಡು ಜಾಸ್ತಿ ಕೊಟ್ಟಿದೆ ಅಂದ್ರು, ನಮ್ ಹುಡುಗಿ ನೋಡಿದ್ರೆ ಹೊರಗೇ ಬಂದ್ಬಿಟ್ಲಲ್ಲ?"

ಮೊದಲಾಗಿದ್ದರೆ ಟೀಚರ್ ಏನಾದರೊಂದು ಸಮಾಧಾನ ಹೇಳಿ ಕಳಿಸುತ್ತಿದ್ದರು.

"ಗೋಡೆ ಬೀಳೋ ಹಾಗಿದೆ ಅಪ್ಪಾ. ಹೊಸದು ಬರತ್ತೆ ಅಂದಿದಾರೆ, ಯಾವಾಗ ಅಂತ ಗೊತ್ತಿಲ್ಲ. ಕಳಿಸೋದು ಬಿಡೋದು ನಿಮಗೆ ಬಿಟ್ಟಿದ್ದು."

ಆತ ಮಗಳನ್ನು ಹತ್ತಿಸಿಕೊಂಡು ಹೋದ.

ಮರುದಿನ ಅವಳು ಬಂದಳು. ಬೇರೆ ಇಬ್ಬರು ಬರಲಿಲ್ಲ. ಹಾಜರಿ ಕರೆಯುವಾಗ ಟೀಚರ್ ಆ ಇಬ್ಬರ ಹೆಸರನ್ನೂ ಕೂಗಿದರು. ಸ್ವಲ್ಪ ಕಾದರು. ಆಮೇಲೆ ಮುಂದಿನ ಹೆಸರು ಕೂಗಿದರು.